ನಮ್ಮತ್ತೆಯ ನವಣೆ ಟೀ

ಹಿರಿಯೂರಿನಿಂದ ಮಗಳು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದಾಳೆ. ಮೇಲೆ ಹಸಿರು ಬೆಟ್ಟದ ಚಿತ್ರ, ಬೆಟ್ಟದ ತುಂಬ ಬಿಳಿ ಹೂವು, ಒಳಗೆ ಹುರಿದ ಕಾಳು. ಬಕ್‌ವೀಟ್ ಟೀ ಅಂತೆ. ಟೀ ಬಿಟ್ಟವರು ಕುಡಿಯುವ ಟೀ. ಬೆಳಿಗ್ಗೆ ಒಂದು ಚಮಚ ಕಾಳನ್ನು ಲೋಟಕ್ಕೆ ಹಾಕಿ ಮೇಲೆ ಕುದಿಯುವ ನೀರು ಸುರಿದೆ. ಹಬೆ ಮೂಗಿಗೆ ತಾಗಿದ್ದೇ ತಡ, ಲೋಟವನ್ನು ಕಟ್ಟೆಯ ಮೇಲೆ ಬಿಟ್ಟು ಹಿತ್ತಲಿಗೆ ಹೋದೆ. ಹಿತ್ತಲಿನಿಂದ ಮುಂಬಾಗಿಲಿಗೆ ಬಂದೆ. ಗೇಟಿನ ಚಿಲಕ ತೆಗೆದೆ, ಮತ್ತೆ ಹಾಕಿದೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ಏನು ಕಳಕೊಂಡಿದೀಯ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಈಚೆಗೆ ನನಗೆ ಎಲ್ಲದಕ್ಕೂ ಸಿಟ್ಟು ಬರುತ್ತದೆ. ಟೀ ಇಲ್ಲದ ಬೆಳಗು ಹಲ್ಲುಜ್ಜದ ಬೆಳಗಿನ ಹಾಗೆ, ಏನು ಮಾಡಿದರೂ ದಿನ ಶುರುವಾದಂತೆ ಅನ್ನಿಸುವುದಿಲ್ಲ.

ಬಿಪಿ ಅಂತ ಟೀ ಬಿಟ್ಟೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ, ಯಾರಿಗೂ ಹೇಳಬೇಡಿ. ನನ್ನ ಬಿಪಿ ಚೆನ್ನಾಗಿಯೇ ಇದೆ. ಮಗಳು ಸುಮ ಗಂಡನ ಮನೆ ಬಿಟ್ಟು ಬಂದು, ತಾನು ಪಾಠ ಹೇಳುವ ಕಾಲೇಜಿನ ಹತ್ತಿರ ಹಿರಿಯೂರಿನಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾಳೆ. ಯಾಕೆ ಬಿಟ್ಟೆ ಎಂದರೆ, "ಸಾಕಾಯ್ತಮ್ಮ" ಎನ್ನುತ್ತಾಳೆ. ಅಷ್ಟೇ. ಅವರಿಬ್ಬರೂ ಮತ್ತೆ ಒಂದಾಗುವವರೆಗೆ ಟೀ ಮುಟ್ಟುವುದಿಲ್ಲ ಎಂದು ಮನೆದೇವರು ಬೀರಪ್ಪನ ಮುಂದೆ ಹರಕೆ ಹೊತ್ತಿದ್ದೇನೆ. ಪಕ್ಕದಲ್ಲಿದ್ದ ನಮ್ಮ ಮನೆಯವರಿಗೆ ಕೇಳಿಸಿರಬಹುದು, ಸುಮನಿಗಂತೂ ಇದನ್ನು ಹೇಳಿಲ್ಲ. ಮೊದಲೆಲ್ಲ ಅವಳು ಭಾನುವಾರ ಬಂತೆಂದರೆ ನಾವಿರುವ ಚಿತ್ರದುರ್ಗದ ಬಸ್ಸು ಹತ್ತಿಬಿಡುತ್ತಿದ್ದಳು. ಈಗ ಕೆಲವು ಭಾನುವಾರಗಳಿಂದ ಬಂದಿಲ್ಲ. ಫೋನ್ ಮಾಡಿದರೆ ಪೇಪರ್ ತಿದ್ದುವುದಿದೆ ಎನ್ನುತ್ತಾಳೆ. ತಾನು ಬರುವ ಬದಲು ಡಬ್ಬಿ ಕಳಿಸಿದ್ದಾಳೆ.

ಡಬ್ಬಿಯ ಜೊತೆ ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿದ ಒಂದು ಚೀಟಿಯೂ ಇತ್ತು. ಕನ್ನಡಕ ಹಾಕಿಕೊಂಡು ಓದಿದೆ. ಹೆಸರಿನಲ್ಲಿ ವೀಟ್ ಇದ್ದರೂ ಇದು ಗೋಧಿಯಲ್ಲವಂತೆ. ಹುಲ್ಲಿನ ಜಾತಿಯೇ ಅಲ್ಲ. ನಾವು ಬೇಳೆಗೆ ಹಾಕುವ ಚುಕ್ಕಿ ಸೊಪ್ಪಿನ ದಾಯಾದಿಯಂತೆ! ಮೂರು ಮೂಲೆಯ ಕಪ್ಪು ಬೀಜ, ಹಿಮಾಲಯದ ಆಚೀಚೆಯ ಚಳಿ ಸೀಮೆಯಲ್ಲಿ, ಚೀನಾದ ಬೆಟ್ಟಗಳಲ್ಲಿ ಹುಟ್ಟಿದ್ದು. ಜಪಾನಿನವರು, ಕೊರಿಯಾದವರು ಅದನ್ನು ಹುರಿದು ಟೀ ಮಾಡುತ್ತಾರೆ. ನಮ್ಮ ಉತ್ತರದವರು ಅದರ ಹಿಟ್ಟನ್ನು ಕುಟ್ಟು ಎಂದು ಕರೆದು ಉಪವಾಸದ ದಿನ ಪೂರಿ ಮಾಡಿ ತಿನ್ನುತ್ತಾರೆ. ಪೂರಿ ತಿಂದು ಮಾಡುವ ಉಪವಾಸ ನನಗೆ ಬಹಳ ಹಿಡಿಸಿತು. ಗುಣಗಳ ಸಾಲು ಉದ್ದ ಇತ್ತು: ನಿದ್ದೆ ಕೆಡಿಸುವುದಿಲ್ಲ, ರಕ್ತನಾಳಕ್ಕೆ ಒಳ್ಳೆಯದು, ಬಿಪಿಗೆ, ಸಕ್ಕರೆ ಕಾಯಿಲೆಗೆ ಅನುಕೂಲವಾಗಬಹುದು. ಕೊನೆಗೆ, ಇನ್ನೂ ಸಣ್ಣ ಅಕ್ಷರದಲ್ಲಿ, ಅಡ್ಡ ಪರಿಣಾಮಗಳು. ಕೆಲವರಿಗೆ ಮೈ ತುರಿಸುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿ ಕುಡಿಯಬೇಕು. ಮಿತಿ ಮೀರಿದರೆ ಹೊಟ್ಟೆ ಉಬ್ಬರ. ಎಲ್ಲವೂ ಕುಡಿದವರಿಗೆ ಆಗುವ ತೊಂದರೆಗಳು. ಕುಡಿಯುವವರ ಪಕ್ಕದಲ್ಲಿ ಇರುವವರಿಗೆ ಏನಾಗುತ್ತದೆ ಎಂದು ಬರೆದಿರಲಿಲ್ಲ.

ನನ್ನನ್ನು ಎಬ್ಬಿಸಿ ಓಡಾಡಿಸಿದ್ದು ಆ ವಾಸನೆ. ಹುರಿದ ಕಾಳಿನ ಮೇಲೆ ಬಿಸಿನೀರು ಬಿದ್ದಾಗ ಬರುವ, ಸ್ವಲ್ಪ ಸೀದ, ಸ್ವಲ್ಪ ಸಿಹಿಯಾದ ಆ ವಾಸನೆಯನ್ನು ಎಪ್ಪತ್ತರ ದಶಕದಲ್ಲಿ ನಾನು ಹಿರೇಗುಂಟನೂರಿನ ಮನೆಯಲ್ಲಿ ದಿನವೂ ಕುಡಿದಿದ್ದೇನೆ, ಮೂಗಿನಿಂದ.

ಆ ಮನೆಗೆ ನಾನು ಹೊಳಲ್ಕೆರೆಯಿಂದ ಸೊಸೆಯಾಗಿ ಹೋದವಳು. ನಮ್ಮದು ಕುರಿ, ಕಂಬಳಿಯ ಮನೆತನ. ಪಡಸಾಲೆಯಲ್ಲೇ ಕುಣಿ ಮಗ್ಗ. ನಮ್ಮ ಮಾವನವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆಂದರೆ ಊಟಕ್ಕೂ ಎರಡು ಸಲ ಕೂಗಬೇಕಿತ್ತು. ಮಗ್ಗದ ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಬಿಗಿ ಬರಲೆಂದು ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಪುಡಿ ಮಾಡಿ ಇಟ್ಟುಕೊಂಡು, ಬೇಕಾದಾಗ ಗಂಜಿ ಕಾಯಿಸಿ ಬಳಿಯುತ್ತಿದ್ದರು. ಉಣ್ಣೆಯ ವಾಸನೆ, ಆ ಗಂಜಿಯ ವಾಸನೆ, ಇವೆರಡನ್ನೂ ಗೆದ್ದು ಮೇಲೇಳುತ್ತಿದ್ದದ್ದು ನಮ್ಮತ್ತೆ ಗೌರಮ್ಮನ ಟೀ ವಾಸನೆ.

ಟೀ ಅಂದರೆ ನಮ್ಮತ್ತೆಗೆ ಪ್ರಾಣ. ಹೊಳಲ್ಕೆರೆಯ ಮಂಡಿ ಹತ್ತಿರ ಹುಟ್ಟಿ ಬೆಳೆದ ನಾನೇ ದೊಡ್ಡ ಟೀ ಕುಡುಕಿ ಅಂದುಕೊಂಡಿದ್ದೆ. ಆಕೆಯ ಮುಂದೆ ನಾನು ಕೂಸು. ಮೇಕೆ ಹಾಲು, ಬೆಲ್ಲ, ಮುಷ್ಟಿ ತುಂಬ ಪುಡಿ. ಚಮಚ ಹಾಕಿದರೆ ನಿಲ್ಲಬೇಕು. ಕುಡಿಯುವಾಗ ಯಾರೂ ಮಾತಾಡಿಸಕೂಡದು. ಕುಡಿದಾದ ಮೇಲೆ ಏನು ಕೇಳಿದರೂ ಕೊಡುತ್ತಿದ್ದರು. ನಾನು ತೌರಿಗೆ ಹೋಗಬೇಕಾದಾಗಲೆಲ್ಲ ಅವರ ಲೋಟ ಖಾಲಿಯಾಗುವುದನ್ನೇ ಕಾಯುತ್ತಿದ್ದೆ.

ಅಂಥ ಹೆಂಗಸು ಒಂದು ಅಮಾವಾಸ್ಯೆಯ ದಿನ ಬೀರಪ್ಪನ ಗುಡಿಯಿಂದ ಬಂದು, ಟೀ ಪುಡಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ತಗಾ, ಇನ್ಮೇಲೆ ನೀವೇ ಕುಡ್ಕಳ್ರಿ. ನಮ್ ಭಾಗ್ಯನ ಮದ್ವೆ ನಿಶ್ಚಯ ಆಗೋತನ ನಾನು ಮುಟ್ಟಾಕಿಲ್ಲ" ಎಂದರು.

ಭಾಗ್ಯ ನನ್ನ ನಾದಿನಿ. ನನಗಿಂತ ಎರಡು ವರ್ಷ ಚಿಕ್ಕವಳಿರಬೇಕು. ಕಪ್ಪಗೆ, ಎತ್ತರಕ್ಕೆ, ನಡೆದರೆ ದಾರಿ ಸರಿಯಬೇಕು ಅನ್ನುವಂಥ ನಡಿಗೆ. ರಾಟೆಯ ಮುಂದೆ ಕೂತರೆ ಊರಿನ ಯಾವ ಮುದುಕಿಯೂ ಅವಳಷ್ಟು ಸಣ್ಣಗೆ ಉಣ್ಣೆ ನೂಲುತ್ತಿರಲಿಲ್ಲ. ಮದುವೆಗೆ ಅವಳ ಅವಸರವೇನೂ ಇರಲಿಲ್ಲ, ಬೇಡವೆಂದೂ ಹೇಳಿದವಳಲ್ಲ. ಅವಸರವೆಲ್ಲ ಅವಳ ತಾಯಿಗೆ. ಆ ದಿನ ಹರಕೆಯ ಮಾತು ಕೇಳಿದ ಭಾಗ್ಯ ನೂಲುವ ಕೈಯನ್ನು ನಿಲ್ಲಿಸಿದಳು. ತುಂಡಾದ ಎಳೆ ಜೋಡಿಸಿ ಮತ್ತೆ ರಾಟೆ ತಿರುಗಿಸತೊಡಗಿದಳು.

ಟೀ ಬಿಡುವುದೇನೋ ಬಿಟ್ಟರು, ಆದರೆ ಕೈ ಸುಮ್ಮನಿರಬೇಕಲ್ಲ. ಟೀ ಹೊತ್ತಿಗೆ ಸರಿಯಾಗಿ ಎದ್ದು ಒಲೆಯ ಮುಂದೆ ನಿಲ್ಲುತ್ತಿದ್ದರು, ಯಾಕೆ ಬಂದೆನೆಂದು ಮರೆತವರ ಹಾಗೆ. ಕುರಿ ಹಟ್ಟಿಗೂ ಮನೆಗೂ ತಿರುಗುತ್ತಿದ್ದರು. ಕೊನೆಗೆ ಒಂದು ದಿನ ಬಾಣಲೆ ಇಟ್ಟು ನವಣೆಯನ್ನು ಕಪ್ಪಾಗುವ ತನಕ ಹುರಿದರು. ಜೊತೆಗೆ ಒಂದಿಷ್ಟು ಧನಿಯಾ, ಒಣಶುಂಠಿ. ಒರಳಲ್ಲಿ ಕುಟ್ಟಿ, ಬೆಲ್ಲದ ನೀರಿನಲ್ಲಿ ಕುದಿಸಿ, ಸೋಸಿ, ಲೋಟಕ್ಕೆ ಬಗ್ಗಿಸಿಕೊಂಡು ಗೋಡೆಗೆ ಒರಗಿ ಕೂತರು. ನೋಡಲು ಥೇಟು ಟೀ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಹೇಗಿದೆ ಅತ್ತೆ ಎಂದು ಕೇಳಿದೆ. "ಬಿಸಿಯಾಗೈತೆ" ಎಂದರು. ನವಣೆ ಟೀ ಹುಟ್ಟಿದ ಕಥೆ ಇಷ್ಟೇ, ಹಿಮಾಲಯ ಗಿಮಾಲಯ ಏನಿಲ್ಲ.

ಗುಣ ಇರಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಮೊದಲೆಲ್ಲ ಎದೆ ಡವಡವ ಅನ್ನುತ್ತದೆ ಎಂದು ಮಲಗಿದಲ್ಲೇ ಹೊರಳುತ್ತಿದ್ದವರು ತಲೆ ಇಟ್ಟೊಡನೆ ಗೊರಕೆ ಹೊಡೆಯತೊಡಗಿದರು. ಹುಳಿತೇಗು ನಿಂತಿತು. ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ಪುಡಿ ಕೇಳಿ ಒಯ್ದರು. ನವಣೆ ಉಷ್ಣ ಎಂದು ನಮ್ಮ ಕಡೆ ನಂಬಿಕೆ, ಅದಕ್ಕೋ ಏನೋ ಅತ್ತೆಗೆ ಬಾಯಿ ತುಂಬ ಹುಣ್ಣಾಯಿತು. ಮಜ್ಜಿಗೆ ಕುಡಿದು ಅದನ್ನೂ ತಡೆದುಕೊಂಡರು. ಆದರೆ ಭಾಗ್ಯ ತೆಳ್ಳಗಾಗುತ್ತ ಬಂದಳು. ತಾಯಿ ನವಣೆ ಹುರಿಯಲು ಕೂತರೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು. ನಾನು ಟೀ ಮಾಡಿ ಕೊಟ್ಟರೆ, "ಬ್ಯಾಡ ಅತ್ತಿಗೆ" ಎನ್ನುತ್ತಿದ್ದಳು. ಬಿಸಿಲಿಗೆ ಅನ್ನ ಸೇರುವುದಿಲ್ಲ ಎಂದು ನಾವೆಲ್ಲ ಮಾತಾಡಿಕೊಂಡೆವು.

ಇಲ್ಲಿ ನಮ್ಮ ಮನೆತನಗಳ ಒಂದು ರೂಢಿ ನಿಮಗೆ ಹೇಳಬೇಕು. ಹೆಣ್ಣು ನೋಡಲು ಬಂದಾಗ ಎರಡೂ ಕಡೆಯ ತಾಯಂದಿರು ಒಂದೇ ಪಾತ್ರೆಯಿಂದ ಬಗ್ಗಿಸಿದ ಟೀಯನ್ನು ಎದುರುಬದುರು ಕೂತು ಕುಡಿಯಬೇಕು. ಆಮೇಲೆಯೇ ಮಾತು. ಒಬ್ಬಾಕೆ ಲೋಟ ಮುಟ್ಟಲಿಲ್ಲವೆಂದರೆ ಆ ಮನೆಗೆ ಮನಸ್ಸಿಲ್ಲ ಎಂದೇ ತಿಳಿಯುತ್ತಿದ್ದರು. ನಮ್ಮತ್ತೆ ಹರಕೆ ಹೊರುವಾಗ ಇದನ್ನು ಮರೆತೇ ಬಿಟ್ಟಿದ್ದರು! ಮದುವೆ ಆಗಲೆಂದು ಟೀ ಬಿಟ್ಟರು, ಟೀ ಕುಡಿಯದೆ ಮದುವೆಯ ಮಾತೇ ಶುರುವಾಗದು. ಹಿರಿಯೂರಿನ ಕಡೆಯಿಂದ ಮೊದಲು ಬಂದವರ ಮುಂದೆ, "ನಂಗೆ ಬ್ಯಾಡ, ನೀವು ಕುಡೀರಿ" ಎಂದರು. ಹರಕೆ ಇದೆ ಎಂದು ಬಾಯಿ ಬಿಡುವಂತಿಲ್ಲ. ಹರಕೆ ಹೊತ್ತು ಸಾಗಹಾಕಬೇಕಾದ ಹುಡುಗಿ ಎಂದುಕೊಂಡಾರು ಎಂಬ ಭಯ. ಗಂಡಿನ ತಾಯಿಯೂ ಲೋಟ ಕೆಳಗಿಟ್ಟಳು. ಬಂದವರು ಬಿಸಿಲಿಳಿಯುವ ಮೊದಲೇ ಎದ್ದು ಹೋದರು.

ಎರಡನೆಯ ಸಲ ಹೊಳಲ್ಕೆರೆಯಿಂದ ಬರುತ್ತಾರೆಂದು ಗೊತ್ತಾದಾಗ ಅತ್ತೆ ಒಂದು ಉಪಾಯ ಮಾಡಿದರು. ಎಲ್ಲರಿಗೂ ನವಣೆ ಟೀಯನ್ನೇ ಕೊಟ್ಟುಬಿಡುವುದು. ಹಾಲು ಬೆರೆಸಿದರೆ ಯಾರಿಗೆ ತಿಳಿಯುತ್ತದೆ? ರೂಢಿಯೂ ಉಳಿಯಿತು, ಹರಕೆಯೂ ಉಳಿಯಿತು. ಆ ಹೊತ್ತು ನನಗೆ ಅಡಿಗೆಮನೆಗೆ ಪ್ರವೇಶವೇ ಇಲ್ಲ, ಎಲ್ಲ ಅವರದೇ ಕೈ. ಆದರೆ ಆ ದಿನ ಅವರ ಕೈಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಾಗಿಲಿಗೂ ಒಲೆಗೂ ಓಡಾಡುತ್ತ, ಬಂದರಾ ಬಂದರಾ ಎಂದು ಇಣುಕುತ್ತ, ಗೂಡಿನಲ್ಲಿ ಪಕ್ಕಪಕ್ಕ ಇದ್ದ ಎರಡು ಡಬ್ಬಿಗಳಲ್ಲಿ ಒಂದನ್ನು ತೆಗೆದು ಧಾರಾಳವಾಗಿ ಸುರಿದರು. ಅದು ಮಾವನವರು ಮಗ್ಗಕ್ಕೆಂದು ಇಟ್ಟಿದ್ದ ಹುಣಸೆ ಬೀಜದ ಪುಡಿ.

ಬಿಸಿ ಇರುವಾಗ ಯಾರಿಗೂ ಗೊತ್ತಾಗಲಿಲ್ಲ. ಎರಡೂ ಕಡೆಯ ತಾಯಂದಿರು ಒಂದೊಂದು ಗುಟುಕು ಕುಡಿದು, ಮಳೆ ಬೆಳೆ ಕುರಿ ಎಂದು ಮಾತಿಗೆ ಶುರು ಮಾಡಿದರು. ಮಾತು ಉದ್ದವಾಯಿತು. ಗಂಡಿನ ಸೋದರಮಾವ, ದಪ್ಪ ಮೀಸೆಯವನು, ಉಳಿದದ್ದನ್ನು ಕುಡಿಯೋಣವೆಂದು ಲೋಟ ಎತ್ತಿದ. ಬರಲಿಲ್ಲ. ಇನ್ನಷ್ಟು ಎತ್ತಿದ. ಒಮ್ಮೆಲೇ ಜಾರಿ ಮೀಸೆಗೆ ಮೆತ್ತಿಕೊಂಡಿತು. ಒರೆಸಿದಷ್ಟೂ ಅಂಟು. "ಏನ್ರೀ ಇದು, ಥೇಟು ಗಂಜಿ ಐತಲ್ರೀ! ನಮ್ಮನ್ನೇನು ಮಗ್ಗಕ್ಕೆ ಏರ್ಸಾಕೆ ಕರ್ಸಿದ್ರಾ?" ಎಂದು ಎದ್ದು ನಿಂತ. ಕುಣಿಯಲ್ಲಿ ಕೂತಿದ್ದ ನಮ್ಮ ಮಾವ ತಮ್ಮ ಲೋಟವನ್ನು ಬೆರಳಲ್ಲಿ ಮುಟ್ಟಿ ನೋಡಿ, "ಚೆನ್ನಾಗಿ ಬಂದೈತೆ, ಇಷ್ಟು ಹದ ನಂಗೂ ಬರಾಕಿಲ್ಲ" ಎಂದುಬಿಟ್ಟರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ.

ಹಿತ್ತಲಿನಲ್ಲಿ ಭಾಗ್ಯ ಮೊದಲೇ ಬಂದು ನಿಂತಿದ್ದಳು. ಅವಳೂ ನಗುತ್ತಿದ್ದಾಳೆ ಎಂದುಕೊಂಡೆ. ಹೆಗಲು ಕುಲುಕುತ್ತಿತ್ತು. ಹತ್ತಿರ ಹೋದರೆ ಅಳುತ್ತಿದ್ದಳು.

"ಅತ್ತಿಗೆ, ನಮ್ಮವ್ವ ಟೀ ಬಿಟ್ಟ ದಿನದಿಂದ ನಂಗೆ ಈ ಮನೇಲಿ ನೀರು ಸೈತ ಇಳೀತಿಲ್ಲ. ಬಂದೋರು ಬ್ಯಾಡ ಅಂದ್ರೂ ನಂದೇ ತಪ್ಪು, ನಾನು ಬ್ಯಾಡ ಅಂದ್ರೂ ನಂದೇ ತಪ್ಪು. ಎಂಥೋನು ಬಂದ್ರೂ ನಾನು ಹೂಂ ಅನ್ಬೇಕು, ಯಾಕಂದ್ರೆ ನಮ್ಮವ್ವ ಟೀ ಕುಡೀಬೇಕು. ನನ್ ಮದ್ವೆ ನಂಗೋ, ಆ ಲೋಟಕ್ಕೋ?"

ನನ್ನ ನಗು ಇಂಗಿಹೋಯಿತು. ಅಲ್ಲಿಯತನಕ ಅತ್ತೆಯ ತ್ಯಾಗವನ್ನು ಊರೆಲ್ಲ ಹೊಗಳಿತ್ತು, ನಾನೂ ತೌರಿಗೆ ಹೋದಾಗ ಹೊಗಳಿದ್ದೆ. ಅದರ ಭಾರ ಯಾರ ಮೇಲೆ ಕೂತಿದೆ ಎಂದು ಯೋಚಿಸಿದವರಿರಲಿಲ್ಲ. ಅವಳ ಬೆನ್ನು ಸವರಿದೆ.

ಮೂರನೆಯವರು ಬಾಗೂರಿನಿಂದ ಬಂದರು. ಒಳ್ಳೆಯ ಮನೆ, ಹುಡುಗ ನೋಡಲು ಲಕ್ಷಣವಾಗಿದ್ದ. ಇದೊಂದು ಕೂಡಿಬರಲಿ ಎಂದು ಅತ್ತೆ ಬೆಳಗಿನಿಂದ ನೀರೂ ಕುಡಿಯದೆ ಕೂತಿದ್ದರು. ಈ ಸಲ ಯಾರನ್ನೂ ಕೇಳದೆ ಭಾಗ್ಯನೇ ಒಲೆಯ ಮುಂದೆ ಕೂತಳು. ಮೇಕೆ ಹಾಲು, ಬೆಲ್ಲ, ಮುಷ್ಟಿ ತುಂಬ ಟೀ ಪುಡಿ. ಆ ವಾಸನೆ ಪಡಸಾಲೆಗೆ ಬಂದಾಗ ಅತ್ತೆಯ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ನೋಡಿದೆ. ಭಾಗ್ಯ ತಟ್ಟೆ ಹಿಡಿದು ಬಂದಳು. ಬಂದವರಿಗೆ ಮೊದಲು ಕೊಡುವುದು ಬಿಟ್ಟು ನೆಟ್ಟಗೆ ತಾಯಿಯ ಮುಂದೆ ಹೋಗಿ ಕೂತಳು.

"ಕುಡಿಯವ್ವ."

"ಏ, ಬಂದೋರಿಗೆ ಕೊಡೇ ಮೊದ್ಲು. ನಂಗೆ ಆಮ್ಯಾಕೆ" ಎಂದು ಅತ್ತೆ ಕಣ್ಣು ಬಿಟ್ಟರು.

"ಆಮ್ಯಾಕೆ ಇಲ್ಲ." ಭಾಗ್ಯ ಬಂದವರ ಕಡೆ ತಿರುಗಿದಳು. "ನಮ್ಮವ್ವ ನನ್ ಮದ್ವೆ ನಿಶ್ಚಯ ಆಗೋತನ ಟೀ ಕುಡಿಯಾಕಿಲ್ಲ ಅಂತ ಹರಕೆ ಹೊತ್ತಾಳೆ. ನೀವು ಒಪ್ಪಿದ್ರೂ ಸರಿ, ಬಿಟ್ರೂ ಸರಿ. ಇವತ್ತು ಆಕೆ ಕುಡೀಬೇಕು." ಮತ್ತೆ ತಾಯಿಗೆ, ದನಿ ಇಳಿಸಿ, "ಅವ್ವ, ನಾನು ಗಂಡನ ಮನೆಗೆ ಹೋಗೋದಾದ್ರೆ ನಂಗೆ ಬೇಕಂತ ಹೋಗ್ತೀನಿ. ನಿಂಗೆ ಟೀ ಕುಡ್ಸಾಕೆ ಹೋಗಾಕಿಲ್ಲ" ಎಂದಳು.

ಮಗ್ಗದ ಸದ್ದು ನಿಂತಿತು. ಗಂಡಿನ ತಾಯಿ, ವಯಸ್ಸಾದ ಹೆಂಗಸು, ತನ್ನ ಲೋಟವನ್ನು ತಾನೇ ತಟ್ಟೆಯಿಂದ ತೆಗೆದುಕೊಂಡು, "ಕುಡೀರಿ ಗೌರಮ್ಮಾರೆ, ಬೀರಪ್ಪಗೆ ನಾನು ಹೇಳ್ಕಂತೀನಿ" ಎಂದಳು. ಅತ್ತೆ ಲೋಟವನ್ನು ತುಟಿಗೆ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಒಂದೇ ಸಮನೆ ಪೂರ್ತಿ ಕುಡಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಭಾಗ್ಯ ಅಲ್ಲೇ ಕೂತು ತನಗೂ ಒಂದು ಲೋಟ ತೆಗೆದುಕೊಂಡಳು. ಎಷ್ಟೋ ತಿಂಗಳ ಮೇಲೆ ಅವಳು ಟೀ ಕುಡಿದದ್ದು ಅವತ್ತೇ.

ಬಾಗೂರಿನವರು ಹುಡುಗಿಗೆ ಬಾಯಿ ಜಾಸ್ತಿ ಎಂದು ಹೇಳಿ ಕಳಿಸಿದರು. ಆ ಮುದುಕಿಯ ಮಾತು ಅವಳ ಮನೆಯಲ್ಲಿ ನಡೆಯಲಿಲ್ಲ ಎಂದು ಕಾಣುತ್ತದೆ. ಅತ್ತೆ ಎರಡು ದಿನ ಬೀರಪ್ಪನಿಗೆ ಹೆದರಿಕೊಂಡು ಓಡಾಡಿದರು, ಆದರೆ ಟೀ ಕುಡಿದುಕೊಂಡೇ ಓಡಾಡಿದರು. ಭಾಗ್ಯ ಉಣ್ಣತೊಡಗಿದಳು. ತಾಯಿ ಮಗಳು ಸಂಜೆ ಎದುರುಬದುರು ಕೂತು ಲೋಟ ಹಿಡಿದು ಜಗಳವಾಡುವುದು ಶುರುವಾಯಿತು. ಆ ಮನೆಯಲ್ಲಿ ಅಷ್ಟು ಹಿತವಾದ ಸದ್ದನ್ನು ನಾನು ಬೇರೆ ಕೇಳಿಲ್ಲ. ಮುಂದೆ ಕಂಬಳಿ ಕೊಳ್ಳಲು ಬಂದ ಹೊಸದುರ್ಗದ ಕಡೆಯ ಒಬ್ಬಾತ, ಬೇಕಾದ್ದಕ್ಕಿಂತ ಹೆಚ್ಚು ಸಲ ಕಂಬಳಿ ಕೊಳ್ಳಲು ಬಂದ. ಭಾಗ್ಯ ತಾನಾಗಿಯೇ ಹೂಂ ಅಂದಳು. ಆಗ ಅತ್ತೆಗೆ ಹೊಸ ಚಿಂತೆ: "ಹರಕೆ ಇಲ್ದೆ ಆದ ಮದ್ವೆ ಕಣೇ, ಕಾಯಿ ಯಾವ ದೇವ್ರಿಗೆ ಒಡೀಲಿ?"

ಇಷ್ಟನ್ನು ನೆನೆಯುತ್ತ ಕಟ್ಟೆಯ ಮುಂದೆ ನಿಂತಿದ್ದೆ. ಲೋಟದ ನೀರು ಆರಿ, ಕಾಳು ಉಬ್ಬಿ ತಳ ಸೇರಿತ್ತು. ಮೈ ತುರಿಸಲಿಲ್ಲ, ಉಸಿರು ಕಟ್ಟಲಿಲ್ಲ, ಕುಡಿದೇ ಇರಲಿಲ್ಲವಲ್ಲ. ಆದರೆ ಸುಮ ಬರದ ಭಾನುವಾರಗಳು ಒಂದೊಂದಾಗಿ ನೆನಪಾದವು. ಸೀರೆ ಬದಲಿಸಿ, ಚೀಲ ತೆಗೆದುಕೊಂಡು, "ಹಿರಿಯೂರಿಗೆ ಹೋಗಿಬರ್ತೀನಿ" ಎಂದೆ. ನಮ್ಮ ಮನೆಯವರು ಪೇಪರ್ ಮಡಚಿ, "ನಾನೂ ಬರಲಾ?" ಎಂದರು. ಬೇಡ ಎಂದೆ. ದಾರಿಯುದ್ದಕ್ಕೂ ಬಸ್ಸು ಯಾಕಿಷ್ಟು ನಿಧಾನ ಎಂದು ಡ್ರೈವರನ್ನು ಮನಸ್ಸಿನಲ್ಲೇ ಬೈದೆ. ಸುಮನಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡ ಮಾತುಗಳೆಲ್ಲ ಅವಳ ಬಾಗಿಲು ತಟ್ಟುವ ಹೊತ್ತಿಗೆ ಮರೆತುಹೋಗಿದ್ದವು.

ಬಾಗಿಲು ತೆರೆದು ಅವಳು ಪಕ್ಕಕ್ಕೆ ಸರಿದಳು. ಒಳಗೆ ಮೇಜಿನ ಮೇಲೆ ತಿದ್ದುವ ಪೇಪರ್ ಒಂದೂ ಇರಲಿಲ್ಲ.

"ಟೀ ಮಾಡೇ" ಎಂದೆ.

"ಬಿಪಿ?"

"ಬಿಪಿ ಇಲ್ಲ. ಹರಕೆ ಇತ್ತು. ಇನ್ನಿಲ್ಲ."

ಅವಳು ಒಲೆ ಹಚ್ಚಿದಳು. ನನಗೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಗೊತ್ತಿತ್ತು. ಅಪ್ಪ ಹೇಳಿದ್ರು. ಭಾನುವಾರ ಬಂದ್ರೆ ನೀನು ಟೀ ಇಲ್ಲದೆ ಮನೆಯೆಲ್ಲ ಓಡಾಡೋದನ್ನ ನೋಡ್ಬೇಕು. ನೋಡಿದ್ರೆ ನಾನು ಗಂಡನ ಮನೆಗೆ ವಾಪಸ್ ಹೋಗಿಬಿಡ್ತೀನೇನೋ ಅಂತ ಭಯ ಆಯ್ತಮ್ಮ. ಅದಕ್ಕೇ ಬರಲಿಲ್ಲ."

ಹೋಗಬೇಡ ಎಂದೆನೋ, ಎನ್ನಬೇಕೆಂದುಕೊಂಡೆನೋ, ಈಗಲೂ ಸರಿಯಾಗಿ ನೆನಪಿಲ್ಲ. ಅವಳು ಎರಡು ಲೋಟ ತಂದು ಎದುರಿಗೆ ಕೂತಳು. ಸಕ್ಕರೆ ಹೆಚ್ಚಾಗಿತ್ತು. ನಾನು ಪೂರ್ತಿ ಕುಡಿದೆ. ಅವಳು ನನ್ನ ಲೋಟವನ್ನೇ ನೋಡುತ್ತಿದ್ದಳು, ಖಾಲಿಯಾದ ಮೇಲೆ ಕೈ ಚಾಚಿ ತೆಗೆದುಕೊಂಡು, "ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದಳು.